ನೂರಿಪ್ಪತ್ತು ಟೈಲ್ಸ್ ಮತ್ತು ಅಜ್ಜಿಯ ಬೆರಳು

‘ಒಂದು ಖೋಲಿ ಕೆಲಸಕ್ಕ ಯಾರ್ ಬರ್ತಾರ್ರೀ? ಇಡೀ ಮನಿ ಇದ್ರ ಹೇಳ್ರಿ, ಬರ್ತೀವಿ’ ಎಂದು ಮೂರನೇ ಗೌಂಡಿಯೂ ಫೋನ್ ಇಟ್ಟಾಗ ಅಪ್ಪ ನನ್ನ ಕಡೆ ನೋಡಿದರು. ಹಾವೇರಿಯಲ್ಲಿ ಬಿಇ ಸಿವಿಲ್ ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದೆ. ಆ ನೋಟದ ಅರ್ಥ ‘ನೀ ಮಾಡು’ ಎಂದಾಗಿರಲಿಲ್ಲ. ‘ಇಷ್ಟು ಫೀ ಕಟ್ಟಿ ಓದಿಸಾಕತ್ತೀನಿ, ಒಬ್ಬ ಗೌಂಡಿನೂ ಸಿಗವಲ್ಲ’ ಎಂದಷ್ಟೇ ಇದ್ದಿರಬೇಕು. ನಾನು ಮಾತ್ರ ಬೇರೆಯೇ ಅರ್ಥ ಮಾಡಿಕೊಂಡು, ‘ನಾನೇ ಹಾಕ್ತೀನಿ ಅಪ್ಪ’ ಎಂದುಬಿಟ್ಟೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಒಂದು ಕ್ಷಣ ನಿಂತ ಸದ್ದು ಕೇಳಿಸಿತು.

ನಮ್ಮೂರು ಹಿರೇಕೆರೂರು ತಾಲ್ಲೂಕಿನ ಅಬಲೂರು. ಸರ್ವಜ್ಞನ ಊರು ಎಂದರೆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಊರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವಿದೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಬಂದವರು ಶಾಸನ ನೋಡುತ್ತಾರೆ, ಶಿಲ್ಪ ನೋಡುತ್ತಾರೆ. ನೆಲ ನೋಡುವುದು ಎಡವಿದಾಗ ಮಾತ್ರ. ನಾನೂ ಹಾಗೆಯೇ ಇದ್ದೆ. ನಮ್ಮ ಮನೆಯ ಪಡಸಾಲೆಯ ನೆಲವನ್ನು ನಾನು ಸರಿಯಾಗಿ ನೋಡಿದ್ದು ಕಳೆದ ಮಳೆಗಾಲದಲ್ಲಿ, ಅಜ್ಜಿ ಅದರ ಮೇಲೆ ಬಿದ್ದಾಗ.

ಪಡಸಾಲೆಯದು ಮಣ್ಣಿನ ನೆಲ. ವಾರಕ್ಕೆರಡು ಸಲ ಅಜ್ಜಿ ಕುಕ್ಕರಗಾಲಿನಲ್ಲಿ ಕೂತು ಸಗಣಿಯಿಂದ ಸಾರಿಸುತ್ತಿದ್ದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅದು ಅವಳದೇ ಕೆಲಸ. ಜುಲೈನಲ್ಲಿ ಒಂದು ವಾರ ಬಿಡದೆ ಮಳೆ ಹಿಡಿದಿತ್ತು, ನೆಲ ಆರಿರಲಿಲ್ಲ. ಸಾರಿಸಿ ಏಳುವಾಗ ಕಾಲು ಜಾರಿ, ಊರಿದ ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್. ಡಾಕ್ಟರು ‘ಇನ್ನ ಮ್ಯಾಲ ಕುಂತು ಸಾರಸೋದು ಬ್ಯಾಡ’ ಎಂದರು. ಅಂದಿನಿಂದ ಅವ್ವ ಹೊಲಕ್ಕೆ ಹೋಗುವ ಮುಂಚೆ ಐದಕ್ಕೇ ಎದ್ದು ಸಾರಿಸತೊಡಗಿದಳು. ಗೋವಿನಜೋಳ ಮಾರಿದ ದುಡ್ಡು ಬಂದ ಕೂಡಲೇ ಅಪ್ಪ ಟೈಲ್ಸ್ ಹಾಕಿಸುವ ಮಾತೆತ್ತಿದ್ದು ಇದಕ್ಕೇ.

ಅಜ್ಜಿಗೆ ಮಾತ್ರ ಇಷ್ಟವಿರಲಿಲ್ಲ. ‘ಮಣ್ಣಿನ ಮ್ಯಾಲ ಜಾರಿದ್ರ ಕೈ ಮುರೀತು. ಆ ಕನ್ನಡಿಯಂಥಾದ್ರ ಮ್ಯಾಲ ಜಾರಿದ್ರ ಸೊಂಟನ ಮುರೀತೈತಿ’ ಎನ್ನುತ್ತಿದ್ದಳು. ಅವಳ ಮಾತು ತಪ್ಪೇನಲ್ಲ. ಬಿದ್ದ ಮೇಲೆ ಅವಳು ಕಾಲು ಎತ್ತಿ ಇಡುವುದನ್ನೇ ಬಿಟ್ಟಿದ್ದಾಳೆ, ಎಳೆದುಕೊಂಡು ನಡೆಯುತ್ತಾಳೆ.

ಅಂಗಡಿಯಲ್ಲಿ ಬರಿಗಾಲು

ಹಿರೇಕೆರೂರಿನ ಅಂಗಡಿಯಲ್ಲಿ ಮಾಲೀಕರು ಮೊದಲು ತೋರಿಸಿದ್ದೆಲ್ಲ ಮಿಂಚುವ ಟೈಲ್ಸ್‌ಗಳನ್ನೇ. ನಾನು ಚಪ್ಪಲಿ ಬಿಟ್ಟು, ಬಾಟಲಿಯ ನೀರನ್ನು ಸ್ಯಾಂಪಲ್ ಮೇಲೆ ಸುರಿದು, ಹಿಮ್ಮಡಿಯಿಂದ ಉಜ್ಜಿ ನೋಡಿದೆ. ಅವರು ನಕ್ಕರು, ಆದರೆ ಬೈಯಲಿಲ್ಲ. ಮಿಂಚುವ ನಾಲ್ಕೂ ಜಾರಿದವು. ಒರಟು ಮೈಯ ಮ್ಯಾಟ್ ಟೈಲ್ಸ್ ಮಾತ್ರ ಹಿಮ್ಮಡಿಯನ್ನು ಹಿಡಿದು ನಿಲ್ಲಿಸಿತು. ಇಟ್ಟಿಗೆ ಬಣ್ಣದ್ದು, ಒಂದಡಿಗೆ ಒಂದಡಿ. ಅದನ್ನೇ ಆರಿಸಿದೆ.

ಟೈಲ್ಸ್ ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. ಗೋಡೆಯ ಟೈಲ್ಸ್ ಬೇರೆ, ನೆಲದ ಟೈಲ್ಸ್ ಬೇರೆ. ವ್ಯತ್ಯಾಸವಿರುವುದು ಅವು ಎಷ್ಟು ನೀರು ಕುಡಿಯುತ್ತವೆ ಎಂಬುದರಲ್ಲಿ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ನೆಲಕ್ಕೆ ಬಳಸುವ ಸಾಮಾನ್ಯ ಸೆರಾಮಿಕ್ ಶೇ 3ರಿಂದ 6ರಷ್ಟು ಹೀರುತ್ತದೆ. ಗೋಡೆಯದು ಶೇ 10ಕ್ಕಿಂತಲೂ ಹೆಚ್ಚು. ಹೆಚ್ಚು ಹೀರುವುದು ಹಗುರ, ಆದರೆ ಮೆದು. ಅಗ್ಗಕ್ಕೆ ಸಿಕ್ಕಿತೆಂದು ಗೋಡೆಯದನ್ನು ನೆಲಕ್ಕೆ ಹಾಕಿದರೆ ಮಂಚದ ಕಾಲಿನ ಭಾರಕ್ಕೇ ಒಡೆಯಬಹುದು. ಈ ಸಂಖ್ಯೆಗಳೆಲ್ಲ ನನಗೆ ಪರೀಕ್ಷೆಗಾಗಿ ಬಾಯಿಪಾಠವಾಗಿದ್ದವು. ಮುಂದೆ ಅವೇ ನನ್ನನ್ನು ಬೀಳಿಸಿದವು.

ಬಾಕ್ಸಿನ ಮೇಲೆ ಮೊರ್ಬಿ ಎಂದು ಅಚ್ಚಾಗಿತ್ತು. ನಮ್ಮ ದೇಶದ ಟೈಲ್ಸ್‌ಗಳಲ್ಲಿ ಬಹುಪಾಲು ಗುಜರಾತಿನ ಆ ಊರಿನಿಂದಲೇ ಬರುತ್ತವೆ. ಬಾಕ್ಸಿಗೆ 10 ಟೈಲ್ಸ್, ಬೆಲೆ 320 ರೂಪಾಯಿ. ಪಡಸಾಲೆ 10 ಅಡಿ ಅಗಲ, 12 ಅಡಿ ಉದ್ದ, ಅಂದರೆ 120 ಟೈಲ್ಸ್. ಒಡೆಯುವುದಕ್ಕೆ, ಕೊಯ್ಯುವುದಕ್ಕೆಂದು ಇನ್ನೂ 20 ಸೇರಿಸಿ 14 ಬಾಕ್ಸ್ ತಂದೆವು. ಎಲ್ಲ ಬಾಕ್ಸಿನ ಮೇಲೂ ಒಂದೇ ಶೇಡ್ ನಂಬರ್ ಇರುವಂತೆ ನೋಡಿಕೊಂಡೆ. ಒಂದೇ ಹೆಸರಿನ ಟೈಲ್ಸ್ ಆದರೂ ಬೇರೆ ಬೇರೆ ಸಲ ಸುಟ್ಟದ್ದಾದರೆ ಬಣ್ಣದಲ್ಲಿ ಎಳೆಯಷ್ಟು ವ್ಯತ್ಯಾಸವಾಗುತ್ತದೆ, ಹಾಕಿದ ಮೇಲೆ ಅದು ಎದ್ದು ಕಾಣುತ್ತದೆ.

ನೆಲದ ಕೆಳಗಿನ ಕೆಲಸ

ಟೈಲ್ಸ್ ಹಾಕುವುದೆಂದರೆ ಟೈಲ್ಸ್ ಅಂಟಿಸುವುದು ಎಂದುಕೊಂಡಿದ್ದೆ. ಹದಿನೈದು ದಿನದ ಕೆಲಸದಲ್ಲಿ ಟೈಲ್ಸ್ ಮುಟ್ಟಿದ್ದು ಕೊನೆಯ ಐದು ದಿನ ಮಾತ್ರ.

ಮೊದಲು ಹೊಸ್ತಿಲಿನಿಂದ ಲೆಕ್ಕ ಹಾಕಬೇಕಾಯಿತು. ಕೆಳಗೆ ಮೂರು ಇಂಚು ಕಾಂಕ್ರೀಟ್, ಅದರ ಮೇಲೆ ಒಂದು ಇಂಚು ಸಿಮೆಂಟ್ ಮಾಲು, ಮೇಲೆ 8 ಮಿಲಿಮೀಟರ್ ಟೈಲ್ಸ್. ಒಟ್ಟು ನಾಲ್ಕೂಕಾಲು ಇಂಚು. ಇದ್ದ ನೆಲದ ಮೇಲೆಯೇ ಇಷ್ಟು ಏರಿಸಿದರೆ ಹೊಸ್ತಿಲು ಮುಳುಗುತ್ತದೆ, ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಅಷ್ಟನ್ನೂ ಅಗೆಯಬೇಕು. ಪಿಯುಸಿ ಓದುತ್ತಿರುವ ತಮ್ಮನೂ ನಾನೂ ಎರಡು ದಿನ ಅಗೆದೆವು. ಗುದ್ದಲಿಯ ಏಟಿಗೆ ನೆಲ ಪದರ ಪದರವಾಗಿ ಏಳುತ್ತಿತ್ತು. ಒಂದು ಪದರ ಕೆಮ್ಮಣ್ಣು, ಒಂದು ಪದರ ಸಗಣಿ, ಮತ್ತೆ ಕೆಮ್ಮಣ್ಣು. ನಡುವೆ ಹಸಿರು ಬಳೆಯ ಚೂರುಗಳು. ಅಜ್ಜಿ ಮಂಚದ ಮೇಲೆ ಕೂತು ನೋಡುತ್ತಿದ್ದಳು. ‘ಆ ಮಣ್ಣ ತಿಪ್ಪಿಗೆ ಹಾಕಬ್ಯಾಡ್ರಿ, ಹಿತ್ತಲದಾಗ ಹಾಕ್ರಿ’ ಎಂದಳು. ಅಷ್ಟೇ ಅಂದದ್ದು. ಬುಟ್ಟಿಯಲ್ಲಿ ಹೊತ್ತು ಹಿತ್ತಲ ಕರಿಬೇವಿನ ಗಿಡದ ಬುಡಕ್ಕೆ ಸುರಿದೆವು.

ತಳವನ್ನು ನೀರು ಹಾಕಿ ದಿಮ್ಮಿಯಿಂದ ಬಡಿದು ಗಟ್ಟಿ ಮಾಡಿದ ಮೇಲೆ ಕಾಂಕ್ರೀಟ್. ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಉಸುಕು, ಎಂಟು ಪಾಲು ಖಡಿ. ಮೂರು ಚೀಲ ಸಿಮೆಂಟ್ ಹಿಡಿಯಿತು. ಏಳು ದಿನ ಬೆಳಿಗ್ಗೆ, ಸಂಜೆ ನೀರುಣಿಸಿದೆವು. ಆ ಏಳು ದಿನ ಅಜ್ಜಿ ಮಲಗಿದ್ದು ಅಡುಗೆಮನೆಯಲ್ಲಿ, ಒಲೆಯ ಪಕ್ಕ.

ಸಮತಟ್ಟು ನೋಡಲು ಕಾಲೇಜಿನ ಲ್ಯಾಬಿನಲ್ಲಿ ಆಟೋ ಲೆವೆಲ್ ಇದೆ. ಮನೆಯಲ್ಲಿ ಏನಿದೆ? ವಯಸ್ಸಾಗಿ ಕೆಲಸ ಬಿಟ್ಟ ಗೌಂಡಿ ಕಾಕಾ ಒಬ್ಬರು ನಮ್ಮ ಓಣಿಯಲ್ಲಿದ್ದಾರೆ. ಕಣ್ಣು ಮಂಜಾಗಿವೆ. ತಮ್ಮ ಕರಣಿ, ರಸಮಟ್ಟ, ಮೂಲೆಮಟ್ಟ ಎಲ್ಲ ಕೊಟ್ಟು, ಜೊತೆಗೆ ನಾಲ್ಕು ಮಾರು ಪಾರದರ್ಶಕ ಪೈಪನ್ನೂ ಕೊಟ್ಟರು. ಪೈಪಿನಲ್ಲಿ ನೀರು ತುಂಬಿ ಎರಡು ತುದಿಯನ್ನು ಎರಡು ಗೋಡೆಗೆ ಹಿಡಿದರೆ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿದರಾಯಿತು. ‘ಒಳಗ ಗಾಳಿಗುಳ್ಳಿ ಇರಬಾರ್ದು ನೋಡವ್ವಾ, ಗುಳ್ಳಿ ಇದ್ರ ನೀರೂ ಸುಳ್ಳು ಹೇಳ್ತೈತಿ’ ಎಂದರು. ನಾಲ್ಕೂ ಗೋಡೆಗೆ ಗುರುತು ಹಾಕಿ, ಅಲ್ಲಿಂದ ಕೆಳಕ್ಕೆ ಅಳೆದು, ನೆಲ ಎಲ್ಲಿಗೆ ಬರಬೇಕೆಂದು ದಾರ ಕಟ್ಟಿದೆ. ತೊಳೆದ ನೀರು ಹೊರಹೋಗಲಿ ಎಂದು ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟೆ.

ಒಂದಡಿ ಒಂದಡಿಯಲ್ಲ

ಮಾಲು ಹಾಕುವ ಮುಂಚೆ ಟೈಲ್ಸ್‌ಗಳನ್ನು ಸುಮ್ಮನೆ ಜೋಡಿಸಿ ನೋಡು ಎಂದಿದ್ದರು ಕಾಕಾ. ಜೋಡಿಸಿದೆ. ಅಗಲಕ್ಕೆ ಹತ್ತು ಟೈಲ್ಸ್ ಇಟ್ಟರೂ ಗೋಡೆಯ ಬಳಿ ಹೆಬ್ಬೆರಳಿನಷ್ಟು ಜಾಗ ಉಳಿಯಿತು. ಕಾರಣ ತಿಳಿಯಲು ಟೇಪು ಹಿಡಿಯಬೇಕಾಯಿತು. ಅಂಗಡಿಯ ‘ಒಂದಡಿ ಟೈಲ್ಸ್’ ನಿಜಕ್ಕೂ 300 ಮಿಲಿಮೀಟರ್. ಅಡಿ ಎಂದರೆ 304.8. ನಡುವಿನ ಸಂದಿಗೆ 3 ಮಿಲಿಮೀಟರ್ ಸೇರಿಸಿದರೂ ಹತ್ತು ಟೈಲ್ಸ್ ಹಿಡಿಯುವುದು 3030. ಕೋಣೆ 3048. ಉಳಿದ 18 ಮಿಲಿಮೀಟರಿಗೆ ಪಟ್ಟಿ ಕೊಯ್ಯಲು ಹೋದರೆ ಅದು ಕೈಯಲ್ಲೇ ಪುಡಿಯಾಗುತ್ತದೆ.

ಪರಿಹಾರ ಸುಲಭವಿತ್ತು. ಗೋಡೆಯಿಂದ ಶುರು ಮಾಡುವ ಬದಲು ಕೋಣೆಯ ನಡುವಿನಿಂದ ಶುರು ಮಾಡುವುದು. ಅಗಲಕ್ಕೆ ಒಂಬತ್ತು ಇಡಿ ಟೈಲ್ಸ್, ಎರಡೂ ಬದಿಗೆ ಅರ್ಧರ್ಧ. ಉದ್ದಕ್ಕೆ ಹನ್ನೊಂದು ಇಡಿ, ಎರಡೂ ತುದಿಗೆ ಅರ್ಧರ್ಧ. ಒಳಗೆ 99 ಇಡಿ ಟೈಲ್ಸ್, ಸುತ್ತಲಿನ 40 ಅರ್ಧಗಳಿಗೆ 20, ನಾಲ್ಕು ಮೂಲೆಯ ಕಾಲು ತುಂಡುಗಳಿಗೆ ಒಂದು. ಒಟ್ಟು ಮತ್ತೆ 120! ಇಡೀ ಕೆಲಸದಲ್ಲಿ ನನ್ನ ಎಂಜಿನಿಯರಿಂಗ್ ನನಗೆ ಖುಷಿ ಕೊಟ್ಟ ಗಳಿಗೆ ಇದು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಕೋಣೆಯ ಎರಡು ಕರ್ಣಗಳನ್ನು ಅಳೆದಾಗ ಎರಡು ಇಂಚು ವ್ಯತ್ಯಾಸ ಬಂತು. ಹಳೆಯ ಮಣ್ಣಿನ ಗೋಡೆ, ಮೂಲೆಗಳು ತೊಂಬತ್ತು ಡಿಗ್ರಿ ಇಲ್ಲ. ಗೋಡೆಯನ್ನು ನಂಬಿ ಸಾಲು ಹಿಡಿದರೆ ಸಾಲುಗಳೆಲ್ಲ ಸೊಟ್ಟ. ಆಗ ದಾರದಲ್ಲಿ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ ಸರಿಯಾಗಿ ಐದಡಿ ಬರುವ ತನಕ ದಾರ ಸರಿಸಿದೆ. ಅದು ಲಂಬಕೋನ. ಹೈಸ್ಕೂಲಿನ ಪೈಥಾಗೊರಸ್. ಕಾಕಾ ಶಾಲೆಗೆ ಹೋದವರಲ್ಲ, ಆದರೂ ಮೂರು–ನಾಲ್ಕು–ಐದು ಅವರಿಗೂ ಗೊತ್ತಿತ್ತು. ಗೋಡೆಯ ಸೊಟ್ಟೆಲ್ಲ ಅಂಚಿನ ಅರ್ಧ ತುಂಡುಗಳಿಗೆ ಹೋಯಿತು. ಅಲ್ಲಿ ಮಂಚ, ತಿಜೋರಿ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಮೊದಲ ದಿನದ ಹದಿನೆಂಟು

ಟೈಲ್ಸ್ ಹಾಕುವ ಮೊದಲ ದಿನ ಓಣಿಯ ಜನ ಬಾಗಿಲಲ್ಲಿ ನಿಂತು ನೋಡಿದರು. ‘ಹೆಣ್ಣುಮಗಳು ಕರಣಿ ಹಿಡದಾಳಲ್ಲ!’ ಎಂದು ಒಬ್ಬರು ಬೆರಗಾದರು. ಯೋಚಿಸಿದರೆ ಅದು ವಿಚಿತ್ರ. ನಮ್ಮ ಕಡೆ ಕಟ್ಟಡ ಕೆಲಸದಲ್ಲಿ ಹೆಂಗಸರು ಇಲ್ಲದ ಜಾಗವಿಲ್ಲ. ಉಸುಕು ಸೋಸುವವರು, ನೀರು ತರುವವರು, ಮಾಲಿನ ಬುಟ್ಟಿ ಹೊರುವವರು ಅವರೇ. ಆದರೆ ಕರಣಿ ಹಿಡಿದ ಹೆಂಗಸನ್ನು ನಾನು ನೋಡಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮವ್ವನೂ ಬುಟ್ಟಿ ಹೊತ್ತಿದ್ದಾಳೆ.

ನಾನು ಫೋನಿನಲ್ಲಿ ಹತ್ತಾರು ವಿಡಿಯೊ ನೋಡಿಕೊಂಡಿದ್ದೆ. ನಾಲ್ಕು ಪಾಲು ಉಸುಕಿಗೆ ಒಂದು ಪಾಲು ಸಿಮೆಂಟಿನ ಮಾಲನ್ನು ಹಾಸಿ, ರಸಮಟ್ಟ ಇಟ್ಟು, ಮೇಲೆ ಸಿಮೆಂಟ್ ತಿಳಿ ಸುರಿದು ಟೈಲ್ಸ್ ಕೂರಿಸುತ್ತ ಹೋದೆ. ಸಂಜೆ ಐದರ ಹೊತ್ತಿಗೆ ಎರಡು ಸಾಲು, ಹದಿನೆಂಟು ಟೈಲ್ಸ್ ಮುಗಿದವು. ಸಾಲು ನೇರ, ಸಂದಿ ಸಮ. ತಮ್ಮ ಫೋಟೊ ತೆಗೆದ. ಅಪ್ಪನ ಮುಖದಲ್ಲೂ ಸಣ್ಣ ನಗು.

ಅಜ್ಜಿ ಕೋಲೂರಿಕೊಂಡು ಬಂದು ಕಾಂಕ್ರೀಟಿನ ಮೇಲೆ ನಿಧಾನ ಕೂತಳು. ಮುರಿದು ಕೂಡಿದ ಆ ಬಲಗೈಯ ನಡುಬೆರಳನ್ನು ಮಡಚಿ ಮೊದಲ ಟೈಲ್ಸ್‌ಗೆ ಟಕ್ ಟಕ್ ಎಂದು ಬಡಿದಳು. ಎರಡನೆಯದಕ್ಕೆ ಬಡಿದಳು. ಮೂರನೆಯದಕ್ಕೆ ಬಡಿದು ತಲೆ ಅಲ್ಲಾಡಿಸಿದಳು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅವಳು ಹೀಗೆಯೇ ಬಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬಿರುಕಿದ್ದರೆ ಸದ್ದು ಬೇರೆ ಬರುತ್ತದೆ.

‘ಇದು ಟೊಳ್ಳು’ ಎಂದಳು. ಹದಿನೆಂಟರಲ್ಲಿ ಏಳು ಟೊಳ್ಳು ಎಂದಳು. ನಾನು ಕರಣಿಯ ಹಿಡಿಯಿಂದ ಬಡಿದು ನೋಡಿದೆ. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಡಬ್ ಡಬ್. ಅವಳು ಹೇಳಿದ್ದು ನಿಜ. ಎದ್ದು ಹೋಗುವಾಗ ಅವಳ ಹೆಬ್ಬೆರಳು ಎರಡನೇ ಸಾಲಿನ ಅಂಚಿಗೆ ತಾಗಿತು. ಗೋಡೆ ಹಿಡಿದುಕೊಂಡಳು. ಅಳೆದೆ. ಒಂದು ಟೈಲ್ಸ್ ಪಕ್ಕದ್ದಕ್ಕಿಂತ ಎರಡು ಮಿಲಿಮೀಟರ್ ಮೇಲಿತ್ತು. ಹತ್ತು ರೂಪಾಯಿ ನಾಣ್ಯದ ದಪ್ಪ. ನಮ್ಮ ಕಾಲಿಗೆ ಅದು ತಿಳಿಯುವುದೂ ಇಲ್ಲ. ಕಾಲೆಳೆದು ನಡೆಯುವವಳಿಗೆ ಅದು ಮೆಟ್ಟಿಲು.

‘ಇರ್ಲಿ ಬಿಡು, ಒಣಗಿದ ಮ್ಯಾಲ ಎಲ್ಲಾ ಗಟ್ಟಿ ಆಕ್ಕತಿ. ಯಾರಿಗೆ ಕಾಣ್ತೈತಿ?’ ಎಂದರು ಅಪ್ಪ. ನನಗೂ ಹಾಗೆ ನಂಬಬೇಕೆನಿಸಿತ್ತು. ಬೆಳಗಿನಿಂದ ಮಂಡಿಯೂರಿ ಕೂತು ಕಾಲು ಜೋಮು ಹಿಡಿದಿತ್ತು. ಕೈಗವಸು ಹಾಕದೆ ಮಾಲು ಮುಟ್ಟಿದ್ದಕ್ಕೆ ಬೆರಳ ತುದಿಗಳು ಸುಲಿದು ಉರಿಯುತ್ತಿದ್ದವು. ಹಸಿ ಸಿಮೆಂಟು ಚರ್ಮ ಸುಡುತ್ತದೆ ಎಂಬುದೂ ಪುಸ್ತಕದಲ್ಲಿತ್ತು.

ಪುಸ್ತಕದಲ್ಲಿದ್ದ ಇನ್ನೊಂದು ಸಾಲು ಆಗ ನೆನಪಾಯಿತು. ಸಿಮೆಂಟ್ ಗಟ್ಟಿಯಾಗಲು ಶುರುವಾಗುವ ಸಮಯ 30 ನಿಮಿಷಕ್ಕಿಂತ ಕಡಿಮೆ ಇರಬಾರದು, ಪೂರ್ತಿ ಸೆಟ್ ಆಗುವ ಸಮಯ 600 ನಿಮಿಷ ಮೀರಬಾರದು. ಎರಡು ಅಂಕದ ಪ್ರಶ್ನೆ ಅದು. ಉತ್ತರ ಬರೆದು ಎರಡೂ ಅಂಕ ತೆಗೆದುಕೊಂಡಿದ್ದೆ. ಆ 600 ನಿಮಿಷಕ್ಕೆ ನನ್ನ ಜೀವನದಲ್ಲಿ ಒಂದು ಅರ್ಥವಿದೆ ಎಂದು ಎಂದೂ ಅನಿಸಿರಲಿಲ್ಲ. ಈಗ ಅದು ಗಡಿಯಾರದ ಮುಳ್ಳಾಗಿತ್ತು. ಈ ರಾತ್ರಿ ಕಿತ್ತರೆ ಟೈಲ್ಸ್ ಉಳಿಯುತ್ತವೆ. ನಾಳೆ ಬೆಳಿಗ್ಗೆ ಕಿತ್ತರೆ ಚೂರು. ಕೀಳದೇ ಬಿಟ್ಟರೆ ಒಂದಲ್ಲ ಒಂದು ದಿನ ಅಜ್ಜಿ.

ಹದಿನೆಂಟನ್ನೂ ಕಿತ್ತೆ. ಎರಡು ಒಡೆದವು. ಅವ್ವ ಬೆನ್ನು ತೊಳೆದು ತೊಳೆದು ಕೊಟ್ಟಳು, ತಮ್ಮ ಗೋಡೆಗೆ ಒರಗಿಸಿಟ್ಟ. ಅಪ್ಪ ಏನೂ ಮಾತಾಡದೆ ಬಲ್ಬು ಹಿಡಿದು ನಿಂತಿದ್ದರು. ಮುಗಿದಾಗ ರಾತ್ರಿ ಹತ್ತು ಗಂಟೆ.

ಹೊಸ ಗಡಿಗೆಯ ಪಾಠ

ಕಿತ್ತ ಟೈಲ್ಸ್‌ಗಳ ಬೆನ್ನು ನೋಡಿದಾಗಲೇ ಕಾರಣ ಗೊತ್ತಾಯಿತು. ನಡುವೆ ಮಾತ್ರ ಸಿಮೆಂಟ್ ಹತ್ತಿತ್ತು, ಮೂಲೆಗಳು ಖಾಲಿ. ಹತ್ತಿದ್ದೂ ಪುಡಿಪುಡಿಯಾಗಿ ಉದುರುತ್ತಿತ್ತು. ‘ನೀರಾಗ ನೆನಸಿದ್ದೇನ?’ ಎಂದು ಕೇಳಿದರು ಕಾಕಾ. ಇಲ್ಲ ಎಂದೆ. ನಾನು ನೋಡಿದ ವಿಡಿಯೊದಲ್ಲಿ ನೆನೆಸಬಾರದು ಎಂದು ಸ್ಪಷ್ಟವಾಗಿ ಹೇಳಿದ್ದರು. ರಾತ್ರಿ ಮತ್ತೆ ನೋಡಿದಾಗ ಗೊತ್ತಾಯಿತು, ಅದು ವಿಟ್ರಿಫೈಡ್ ಟೈಲ್ಸ್, ಅವರು ಬಳಸಿದ್ದು ರೆಡಿಮೇಡ್ ಅಂಟು. ನನ್ನದು ಸೆರಾಮಿಕ್, ಬಳಸಿದ್ದು ಬರೀ ಸಿಮೆಂಟ್. ಶೇ 3ರಿಂದ 6ರಷ್ಟು ನೀರು ಹೀರುವ ಟೈಲ್ಸ್‌ಅನ್ನು ಒಣದಾಗಿ ಇಟ್ಟರೆ ಅದು ಸಿಮೆಂಟಿಗೆ ಬೇಕಾದ ನೀರನ್ನು ತಾನೇ ಕುಡಿದುಬಿಡುತ್ತದೆ. ನೀರಿಲ್ಲದ ಸಿಮೆಂಟು ಬರೀ ಬೂದಿ. ಎರಡೂ ಸಂಗತಿ ನನಗೆ ಗೊತ್ತಿದ್ದವು. ಒಂದು ಮೂರನೇ ಸೆಮಿಸ್ಟರಿನ ಪುಸ್ತಕದಲ್ಲಿ, ಇನ್ನೊಂದು ನಾಲ್ಕನೆಯದರಲ್ಲಿ. ಎರಡನ್ನೂ ಒಂದು ಕಡೆ ತಂದಿರಲಿಲ್ಲ.

ಅಜ್ಜಿ ಒಂದೇ ಮಾತಿನಲ್ಲಿ ತಂದಳು. ‘ಹೊಸಾ ಗಡಗಿ ನೀರಾಗ ನೆನಸದ ಒಲಿ ಮ್ಯಾಲ ಇಡ್ತಾರೇನ?’

ಸರ್ವಜ್ಞನ ತಾಯಿ ನಮ್ಮೂರ ಕುಂಬಾರರ ಮನೆಯ ಮಾಳಿ ಎಂಬ ಮಾತು ಊರಲ್ಲಿ ಎಲ್ಲರ ಬಾಯಲ್ಲಿದೆ. ಅಷ್ಟಿದ್ದೂ ಟೈಲ್ಸ್ ಎಂದರೆ ಮೊರ್ಬಿಯಿಂದ ಬಂದ ಯಾವುದೋ ಹೊಸ ವಸ್ತು ಎಂದೇ ನಾನು ಭಾವಿಸಿದ್ದೆ. ಗಡಿಗೆಯೂ ಸುಟ್ಟ ಮಣ್ಣು, ಟೈಲ್ಸೂ ಸುಟ್ಟ ಮಣ್ಣು. ಟೈಲ್ಸ್ 1100 ಡಿಗ್ರಿಗೂ ಮೇಲಿನ ಬೆಂಕಿ ಕಂಡಿರುತ್ತದೆ, ಗಡಿಗೆ ಅದಕ್ಕಿಂತ ಕಡಿಮೆ. ಅಷ್ಟೇ ಅಂತರ. ನಮ್ಮ ತಲೆಯ ಮೇಲಿನ ಮಂಗಳೂರು ಹಂಚೂ ಅದೇ ಮಣ್ಣಿನ ಬಳಗ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹಂಚು ನಮ್ಮಂಥ ಊರುಗಳಿಗೂ ಬಂತು. ಅಜ್ಜಿಗೆ ಟೈಲ್ಸ್ ಹೊಸದಾಗಿರಲಿಲ್ಲ. ಅವಳು ಅದನ್ನು ಚಪ್ಪಟೆ ಗಡಿಗೆ ಎಂದುಕೊಂಡಿದ್ದಳು, ಅದೇ ಸರಿಯಿತ್ತು.

ಅವ್ವನ ಮೂರು ಟೈಲ್ಸ್

ಮರುದಿನದಿಂದ ದನಗಳ ಬಾನಿಯಲ್ಲಿ ಟೈಲ್ಸ್ ಮುಳುಗಿಸಿಟ್ಟೆವು. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ಮೇಲಿನ ನೀರು ಒರೆಸಿ, ಹಾಕಬೇಕು. ಮಾಲಿನ ಹದಕ್ಕೆ ನಾನು ನೀರಿನ ಲೆಕ್ಕ ಹಾಕುತ್ತಿದ್ದರೆ ಅವ್ವ ಪಕ್ಕಕ್ಕೆ ಸರಿಸಿ ತಾನೇ ಕಲಸಿದಳು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ‘ಇಷ್ಟ್ ವರ್ಷ ಹೊತ್ತೀನಿ, ಇದೂ ತಿಳಿಯಂಗಿಲ್ಲೇನ?’ ಎಂದಳು. ಅದರ ಮೇಲೆ ಸುರಿಯುವ ಸಿಮೆಂಟ್ ತಿಳಿ ಜೇನಿನ ಹದಕ್ಕಿರಬೇಕು, ಚದರ ಮೀಟರಿಗೆ ಸುಮಾರು 3.3 ಕಿಲೊ ಸಿಮೆಂಟ್. ಜಿಪುಣತನ ಮಾಡಿದರೆ ಮೂಲೆಗಳು ಟೊಳ್ಳು.

ಪ್ರತಿ ಸಾಲಿನಲ್ಲಿ ಒಂದು ಟೈಲ್ಸ್‌ಅನ್ನು ಕೂರಿಸಿದ ಕೂಡಲೇ ಎತ್ತಿ ಬೆನ್ನು ನೋಡುತ್ತಿದ್ದೆ. ನಾಲ್ಕೂ ಮೂಲೆಗೆ ಸಿಮೆಂಟ್ ಹತ್ತಿದ್ದರೆ ಮುಂದೆ, ಇಲ್ಲದಿದ್ದರೆ ತಿದ್ದುವುದು. ರಬ್ಬರ್ ಸುತ್ತಿಗೆಯಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಬಡಿದು, ಎರಡು ಟೈಲ್ಸ್ ಕೂಡುವಲ್ಲಿ ಉಗುರು ಎಳೆದು ನೋಡುತ್ತಿದ್ದೆ. ಉಗುರು ತಡೆದರೆ ಮತ್ತೆ ಬಡಿಯುವುದು. ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಸಾಲು ಮುಗಿದಂತೆಲ್ಲ ಕೋಲಿನ ತುದಿಯಿಂದ ಬಡಿದು ಪಾಸು, ಫೇಲು ಹೇಳುತ್ತಿದ್ದಳು. ಇಂಟರ್ನಲ್ಸ್‌ನಲ್ಲೂ ನನಗೆ ಇಷ್ಟು ಭಯವಾದದ್ದಿಲ್ಲ.

ಎರಡನೇ ದಿನ ಮಧ್ಯಾಹ್ನ ಅವ್ವನಿಗೆ ಕರಣಿ ಕೊಟ್ಟೆ. ‘ನನಗ್ಯಾಕ’ ಎಂದು ಹಿಂದೆ ಸರಿದಳು. ಒತ್ತಾಯ ಮಾಡಿದ ಮೇಲೆ ಕೂತು ಮೂರು ಟೈಲ್ಸ್ ಹಾಕಿದಳು. ಅಜ್ಜಿ ಮೂರಕ್ಕೂ ಬಡಿದಳು. ಮೂರೂ ಗಟ್ಟಿ. ಎಷ್ಟೋ ಮನೆಗಳ ನೆಲಕ್ಕೆ ಬುಟ್ಟಿ ಬುಟ್ಟಿ ಮಾಲು ಹೊತ್ತವಳು ಕರಣಿ ಹಿಡಿದದ್ದು ಅದೇ ಮೊದಲು. ಕೈ ತೊಳೆದುಕೊಂಡು ಬಂದು ಆ ಮೂರರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಅವು ಎಲ್ಲಿವೆ ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ದೇವರ ಮಾಡದ ಕೆಳಗೆ, ಎಡದಿಂದ ಎರಡು, ಮೂರು ಮತ್ತು ನಾಲ್ಕನೆಯದು.

ಇಡಿ ಟೈಲ್ಸ್‌ಗಳು ಮೂರು ದಿನದಲ್ಲಿ ಮುಗಿದವು. ಒಂದು ದಿನ ಯಾರೂ ತುಳಿಯದಂತೆ ಬಿಟ್ಟು, ಅಂಚಿನ ತುಂಡುಗಳಿಗೆ ಕೈ ಹಾಕಿದೆವು. ಗೋಡೆ ಸೊಟ್ಟವಾದ್ದರಿಂದ ಒಂದೊಂದನ್ನೂ ಬೇರೆ ಬೇರೆ ಅಳೆದು ಕೊಯ್ಯಬೇಕಾಯಿತು. ಬಾಡಿಗೆಗೆ ತಂದ ಕಟ್ಟಿಂಗ್ ಮಷೀನು ಹಿಡಿದಾಗ ಕಾಕಾ ಒಂದು ಮಾತು ಖಡಾಖಂಡಿತ ಹೇಳಿದರು: ‘ಅಂಗಳದಾಗ ಕೊಯ್ಯಿ, ಟೈಲ್ಸ್ ತೋಯಿಸಿ ಕೊಯ್ಯಿ, ಮೂಗಿಗೆ ಬಟ್ಟಿ ಕಟ್ಟು.’ ಮಾಸ್ಕ್, ಕನ್ನಡಕ ಹಾಕಿಕೊಂಡೆ. ಟೈಲ್ಸ್ ಕೊಯ್ದ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೋಗಿ ಕೂತರೆ ಮರಳಿ ಬರುವುದಿಲ್ಲ. ಕಾಕಾ ಇಡೀ ಆಯುಷ್ಯ ಒಣದನ್ನೇ ಕೊಯ್ದವರು. ಮಾತಿನ ನಡುವೆ ಅವರು ಕೆಮ್ಮುತ್ತಲೇ ಇರುತ್ತಾರೆ.

ಕೊನೆಗೆ ಸಂದಿಗಳಿಗೆ ಗ್ರೌಟ್ ತುಂಬಿ, ಒದ್ದೆ ಸ್ಪಂಜಿನಿಂದ ಒರೆಸಿ, ಮತ್ತೆ ಒಂದು ವಾರ ನೀರು ಚಿಮುಕಿಸಿದೆವು.

ಲೆಕ್ಕ

ಟೈಲ್ಸ್‌ಗೆ 4,480, ಏಳು ಚೀಲ ಸಿಮೆಂಟಿಗೆ 2,730, ಉಸುಕು ಮತ್ತು ಖಡಿಗೆ 2,500, ಗ್ರೌಟ್, ಬ್ಲೇಡು, ಕೈಗವಸು, ಮಷೀನಿನ ಬಾಡಿಗೆ ಎಲ್ಲ ಸೇರಿ 640. ಒಟ್ಟು 10,350 ರೂಪಾಯಿ. ಕೂಲಿಯ ಆರೇಳು ಸಾವಿರ ಉಳಿಯಿತು. ಆದರೆ ಒಬ್ಬ ಗೌಂಡಿ ಎರಡು ದಿನದಲ್ಲಿ ಹಾಕುವುದನ್ನು ನಾಲ್ಕು ಜನ ಸೇರಿ ಐದು ದಿನ ಹಾಕಿದೆವು. ಹನ್ನೊಂದು ಟೈಲ್ಸ್ ಒಡೆದೆವು. ಇನ್ನು ಮುಂದೆ ಗೌಂಡಿ ಕೇಳಿದ ಕೂಲಿಗೆ ನಾನಂತೂ ಚೌಕಾಸಿ ಮಾಡಲಾರೆ.

ನೀವೂ ಮೊದಲ ಸಲ ಟೈಲ್ಸ್ ಹಾಕುವುದಾದರೆ ಚಿಕ್ಕ ಕೋಣೆಯಿಂದ ಶುರು ಮಾಡಿ. ಒಣಗಿ ಗಟ್ಟಿಯಾದ ಮೇಲೆ ಯಾರೂ ಸಹಾಯ ಮಾಡಲಾರರು. ತಪ್ಪು ಹಸಿಯಾಗಿರುವಾಗಲೇ ಬಡಿದು ನೋಡುವ ಒಬ್ಬರು ಮನೆಯಲ್ಲಿದ್ದರೆ ಅವರನ್ನು ಬಾಗಿಲಲ್ಲಿ ಕೂರಿಸಿಕೊಳ್ಳಿ. ಅವರು ಹೇಳಿದಾಗ ಸಿಟ್ಟು ಬರುತ್ತದೆ. ಆ ರಾತ್ರಿಯೇ ಕೀಳಿ.

ಅಜ್ಜಿ ಈಗ ಪಡಸಾಲೆಯಲ್ಲಿ ಗೋಡೆ ಹಿಡಿಯದೆ ನಡೆಯುತ್ತಾಳೆ. ‘ಚಳಿಗಾಲಕ್ಕ ಐಸ್ ಇದ್ದಂಗ ಐತಿ’ ಎಂದು ದೂರುತ್ತಾಳೆ. ಅದು ನಿಜ, ಮಣ್ಣಿನ ನೆಲದ ಬೆಚ್ಚಗೆ ಇದಕ್ಕಿಲ್ಲ. ಕೌದಿ ಹಾಸಿಕೊಂಡು ಕೂರುತ್ತಾಳೆ. ಸಾರಿಸುವ ಕೆಲಸ ಹೋದದ್ದು ಅವಳಿಗೆ ಬೇಸರವಾಗಿದೆ ಎಂದು ಅವ್ವ ಹೇಳಿದಳು. ಹಾಗಾಗಿ ಹೊರಗಿನ ಕಟ್ಟೆಗೆ ಟೈಲ್ಸ್ ಹಾಕುವುದನ್ನು ಬಿಟ್ಟೆವು. ಕಟ್ಟೆ ಸೊಂಟದೆತ್ತರಕ್ಕಿದೆ, ನಿಂತುಕೊಂಡೇ ಸಾರಿಸಬಹುದು. ಶುಕ್ರವಾರ ಅವಳು ಎಡಗೈಯಿಂದ ಸಾರಿಸುತ್ತಾಳೆ, ನಾವು ನೋಡಿಯೂ ನೋಡದಂತೆ ಇರುತ್ತೇವೆ.

ಇಷ್ಟೆಲ್ಲ ಆದ ಮೇಲೂ ತಿಜೋರಿಯ ಪಕ್ಕದ ಒಂದು ಟೈಲ್ಸ್ ಟೊಳ್ಳು ಉಳಿದಿದೆ. ಕೊನೆಯ ದಿನದ ಅವಸರದಲ್ಲಿ ಹಾಕಿದ್ದು. ಯಾರಾದರೂ ಮನೆಗೆ ಬಂದರೆ ಅಜ್ಜಿ, ‘ನಮ್ಮ ಹುಡುಗಿ ಹಾಕ್ಯಾಳ ನೋಡ್ರಿ’ ಎಂದು ಇಡೀ ನೆಲ ತೋರಿಸುತ್ತಾಳೆ. ಆಮೇಲೆ ಅವರ ಕೈ ಹಿಡಿದು ತಿಜೋರಿಯ ಹತ್ತಿರ ಕರೆದುಕೊಂಡು ಹೋಗಿ, ಕೋಲಿನಿಂದ ಆ ಒಂದಕ್ಕೆ ಡಬ್ ಡಬ್ ಎಂದು ಬಡಿಯುತ್ತಾಳೆ.